ಅತಿಶೀತ ಪರಮಾಣುಗಳೂ ಅಯಸ್ಕಾಂತದ ಒಳಗಿನ ಕ್ರಮವೂ

ನಮ್ಮದು ಕಲಾ ಕಾಲೇಜು. ಇಲ್ಲಿ ಭೌತವಿಜ್ಞಾನದ ಪ್ರಯೋಗಶಾಲೆಯಿಲ್ಲ. ಆದಕಾರಣ ಈ ಶಿರೋನಾಮೆಯನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ನಾನು ಎತ್ತಿಕೊಂಡಿರುವ ಪ್ರಶ್ನೆ ಪ್ರಯೋಗಶಾಲೆಯ ಗೋಡೆಗಳೊಳಗೇ ನಿಲ್ಲತಕ್ಕದ್ದಲ್ಲ. ಒಂದು ವಸ್ತುವನ್ನು ತಿಳಿಯಬೇಕೆಂದಿರುವವನು ಆ ವಸ್ತುವನ್ನೇ ಬದಿಗಿಟ್ಟು, ಅದರಂತೆ ನಡೆದುಕೊಳ್ಳುವ ಬೇರೊಂದನ್ನು ಕಟ್ಟಿ ನೋಡಿದರೆ, ಅವನಿಗೆ ದೊರೆತದ್ದು ಮೊದಲಿನ ವಸ್ತುವಿನ ಜ್ಞಾನವೇ? ತರ್ಕಶಾಸ್ತ್ರವನ್ನು ಓದುವ ನಮಗೆ ಇದು ಅಪರಿಚಿತವಾದ ಪ್ರಶ್ನೆಯಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಅಯಸ್ಕಾಂತವನ್ನು ಕುರಿತು ಇತ್ತೀಚಿನ ವರ್ಷಗಳಲ್ಲಿ ನಡೆದಿರುವ ಒಂದು ಬಗೆಯ ಪ್ರಯೋಗ ಈ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ. ವಿಷಯ ತಿಳಿಯದೆ ವಿಚಾರ ಸಾಗದು. ಆದ್ದರಿಂದ ಮೊದಲು ವಿಷಯವನ್ನೇ ಹೇಳುತ್ತೇನೆ.

ಅಯಸ್ಕಾಂತವು ಕಬ್ಬಿಣವನ್ನು ಸೆಳೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಆ ಸೆಳೆತಕ್ಕೆ ಮೂಲ ಎಲೆಕ್ಟ್ರಾನು. ಪ್ರತಿಯೊಂದು ಎಲೆಕ್ಟ್ರಾನಿಗೂ ‘ಸ್ಪಿನ್’ ಎಂಬ ಗುಣವುಂಟು. ಇದನ್ನು ಗಿರಕಿ ಎಂದು ಕನ್ನಡಿಸಬಹುದಾದರೂ ಎಲೆಕ್ಟ್ರಾನು ಬುಗುರಿಯಂತೆ ನಿಜವಾಗಿ ತಿರುಗುತ್ತಿದೆಯೆಂದು ಭಾವಿಸಬಾರದು. ಈ ಗುಣದ ದೆಸೆಯಿಂದ ಅದು ತಾನೇ ಒಂದು ಅತಿ ಸಣ್ಣ ಅಯಸ್ಕಾಂತ. ಅಳೆದು ನೋಡಿದಾಗ ಅದರ ಮುಖ ಮೇಲಕ್ಕಿರುತ್ತದೆ, ಇಲ್ಲವೆ ಕೆಳಕ್ಕಿರುತ್ತದೆ, ನಡುವಣ ಉತ್ತರವೆಂಬುದಿಲ್ಲ. ಕಬ್ಬಿಣದ ಅಯಸ್ಕಾಂತದಲ್ಲಿ ಇಂಥ ಅಸಂಖ್ಯಾತ ಮುಖಗಳು ಒಂದೇ ಕಡೆಗೆ ತಿರುಗಿ ನಿಂತಿರುತ್ತವೆ. ಅವುಗಳ ಬಲ ಕೂಡಿಕೊಂಡು ಹೊರಗೆ ನಮಗೆ ಗೊತ್ತಾಗುತ್ತದೆ. ಇದನ್ನು ಅನುಲೋಮ ಕ್ರಮವೆಂದು ಕರೆಯೋಣ.

ಇನ್ನೊಂದು ಬಗೆಯ ಕ್ರಮವುಂಟು. ಅದರಲ್ಲಿ ಒಂದರ ಮುಖ ಮೇಲಿದ್ದರೆ ಅದರ ಪಕ್ಕದ್ದು ಕೆಳಗೆ, ಅದರ ಪಕ್ಕದ್ದು ಮತ್ತೆ ಮೇಲೆ. ಹೀಗೆ ಚದುರಂಗದ ಹಾಸಿನ ಕಪ್ಪು ಬಿಳಿ ಮನೆಗಳಂತೆ ಇಡೀ ಹರಳು ತುಂಬಿರುತ್ತದೆ. ಮೇಲ್ಮುಖದವೂ ಕೆಳಮುಖದವೂ ಸರಿಸಮವಾಗಿರುವುದರಿಂದ ಒಟ್ಟು ಬಲ ಸೊನ್ನೆ. ಇದು ಮೊಳೆಯನ್ನು ಸೆಳೆಯದು. ದಿಕ್ಸೂಚಿಯ ಮುಳ್ಳನ್ನೂ ಅಲುಗಿಸದು. ಒಳಗೆ ಕಟ್ಟುನಿಟ್ಟಾದ ಶಿಸ್ತು, ಹೊರಗೆ ಏನೂ ಇಲ್ಲದಂಥ ಮೌನ. ಆಂಗ್ಲರು ಇದನ್ನು ಆಂಟಿಫೆರೋಮ್ಯಾಗ್ನೆಟಿಸಂ ಎನ್ನುತ್ತಾರೆ. ನಾನು ವಿಲೋಮ ಕ್ರಮ ಎನ್ನುತ್ತೇನೆ.

ಒಂದು ಎಲೆಕ್ಟ್ರಾನು ತನ್ನ ನೆರೆಯದಕ್ಕೆ ವಿಮುಖವಾಗಿ ಏಕೆ ನಿಲ್ಲಬೇಕು? ಎರಡು ಸಣ್ಣ ಅಯಸ್ಕಾಂತಗಳ ನಡುವಣ ನೇರ ಸೆಳೆತ ಇದಕ್ಕೆ ಕಾರಣವಲ್ಲ. ಆ ಸೆಳೆತ ತೀರ ದುರ್ಬಲ. ಹಳೆಯ ಭೌತವಿಜ್ಞಾನದ ನಿಯಮಗಳನ್ನು ಮಾತ್ರ ಹಿಡಿದು ಹೊರಟರೆ ಉಷ್ಣ ಸಮಸ್ಥಿತಿಯಲ್ಲಿರುವ ಯಾವ ವಸ್ತುವಿನಲ್ಲೂ ಅಯಸ್ಕಾಂತತೆ ಇರಕೂಡದು ಎಂದು ನೀಲ್ಸ್ ಬೋರ್ ೧೯೧೧ರಲ್ಲೂ, ಅವರಿಂದ ಸ್ವತಂತ್ರವಾಗಿ ಹೆಂಡ್ರಿಕಾ ಫಾನ್ ಲೇಯುವೆನ್ ಎಂಬ ಡಚ್ ಮಹಿಳೆ ೧೯೧೯ರಲ್ಲೂ ತಮ್ಮ ಡಾಕ್ಟರೇಟ್ ಪ್ರಬಂಧಗಳಲ್ಲಿ ತೋರಿಸಿದರು. ಕಣ್ಣೆದುರಿಗೆ ಅಯಸ್ಕಾಂತವಿದೆ, ಶಾಸ್ತ್ರವೋ ಅದು ಇರಕೂಡದೆನ್ನುತ್ತದೆ! ಕ್ವಾಂಟಂ ಸಿದ್ಧಾಂತ ಬಂದ ಮೇಲೆಯೇ, ಮುಖ್ಯವಾಗಿ ೧೯೨೮ರಲ್ಲಿ ಹೈಸೆನ್‌ಬರ್ಗ್ ಅವರ ಕೈಯಲ್ಲಿ, ಈ ಕಗ್ಗಂಟು ಬಿಚ್ಚತೊಡಗಿತು.

ವಿಲೋಮ ಕ್ರಮದ ಕಾರಣವನ್ನು ಹೀಗೆ ಹೇಳಬಹುದು. ಸಾಲು ಸಾಲಾಗಿ ಮನೆಗಳಿವೆ. ಮನೆಗೆ ಒಂದರಂತೆ ಎಲೆಕ್ಟ್ರಾನುಗಳಿವೆ. ನಿಯಮಗಳು ಎರಡೇ. ಎಲೆಕ್ಟ್ರಾನು ಪಕ್ಕದ ಮನೆಗೆ ಜಿಗಿಯಬಲ್ಲದು. ಜಿಗಿಯುವ ಸ್ವಾತಂತ್ರ್ಯವಿದ್ದಷ್ಟೂ ಅದರ ಶಕ್ತಿ ಇಳಿಯುತ್ತದೆ. ಆದರೆ ಒಂದೇ ಮನೆಯಲ್ಲಿ ಇಬ್ಬರು ಸೇರಿದರೆ ಅವುಗಳ ಪರಸ್ಪರ ವಿಕರ್ಷಣೆಯಿಂದಾಗಿ ದೊಡ್ಡ ದಂಡ ತೆರಬೇಕು. ದಂಡ ದೊಡ್ಡದಾದ್ದರಿಂದ ಎಲ್ಲವೂ ತಮ್ಮ ತಮ್ಮ ಮನೆಯಲ್ಲೇ ಇರುತ್ತವೆ. ಆದರೂ ಕ್ವಾಂಟಂ ಜಗತ್ತಿನಲ್ಲಿ ಕ್ಷಣಮಾತ್ರ ನೆರೆಮನೆಗೆ ಹೋಗಿ ಹಿಂದಿರುಗುವುದಕ್ಕೆ ಅವಕಾಶವಿದೆ. ಇಲ್ಲಿ ಪೌಲಿಯವರ ನಿಷೇಧ ಬಂದು ಅಡ್ಡ ನಿಲ್ಲುತ್ತದೆ: ಒಂದೇ ಮುಖದ ಇಬ್ಬರು ಒಂದೇ ಮನೆಯನ್ನು ಕ್ಷಣಕಾಲವಾದರೂ ಹಂಚಿಕೊಳ್ಳಲಾರರು. ವಿಮುಖರಾದವರಿಗೆ ಆ ನಿಷೇಧವಿಲ್ಲ. ಹಾಗಾಗಿ ಪಕ್ಕದವನಿಗೆ ವಿಮುಖನಾಗಿರುವವನಿಗೇ ಹೋಗಿಬರುವ ಸ್ವಾತಂತ್ರ್ಯ. ಅವನಿಗೇ ಶಕ್ತಿಯ ಉಳಿತಾಯ. ಹೊರಗಿನಿಂದ ವಿರೋಧವೆಂದು ಕಾಣುವುದು ಒಳಗೆ ಹೋಗುಬರುವಿನ ಅನುಕೂಲವಾಗಿದೆ. ಜಿಗಿತ ಮತ್ತು ದಂಡ ಎಂಬ ಎರಡೇ ನಿಯಮಗಳ ಈ ಚಿತ್ರಕ್ಕೆ, ಅದನ್ನು ೧೯೬೩ರಲ್ಲಿ ಬಳಸಿದ ಜಾನ್ ಹಬರ್ಡ್ ಅವರ ಹೆಸರು ನಿಂತಿದೆ.

ಹಬರ್ಡ್ ಅವರಿಗಿಂತ ಎಷ್ಟೋ ಮೊದಲೇ, ೧೯೩೦ರ ದಶಕದಲ್ಲಿ, ಫ್ರಾನ್ಸಿನ ಲೂಯಿ ನೆಯೆಲ್ ವಿಲೋಮ ಕ್ರಮವೆಂಬುದು ಇರಬೇಕೆಂದು ಊಹಿಸಿದ್ದರು. ಹೊರಕ್ಕೆ ಕುರುಹನ್ನೇ ಕೊಡದ ಕ್ರಮವನ್ನು ತೋರಿಸುವುದು ಹೇಗೆ? ೧೯೪೯ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಶಲ್ ಮತ್ತು ಸ್ಮಾರ್ಟ್ ಎಂಬವರು ಮ್ಯಾಂಗನೀಸ್ ಆಕ್ಸೈಡಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದರು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಆದರೆ ಸ್ಪಿನ್ ಇದೆ. ಆದ್ದರಿಂದ ಅದು ಸ್ಪಿನ್ನುಗಳ ಜೋಡಣೆಯನ್ನು ಗುರುತಿಸಬಲ್ಲದು. ಸುಮಾರು ೧೨೦ ಕೆಲ್ವಿನ್‌ಗಿಂತ ಮೇಲೆ ಆ ಹರಳಿನ ಸ್ಪಿನ್ನುಗಳಲ್ಲಿ ಕ್ರಮವಿಲ್ಲ. ಅದಕ್ಕಿಂತ ತಂಪಾಗಿಸಿದಾಗ ಚದರಿದ ನ್ಯೂಟ್ರಾನುಗಳಲ್ಲಿ ಹೊಸ ಶಿಖರಗಳು ಎದ್ದವು. ಪರಮಾಣುಗಳ ಜೋಡಣೆ ಪುನರಾವರ್ತನೆಯಾಗುವ ದೂರಕ್ಕೆ ಎರಡರಷ್ಟು ದೂರದಲ್ಲಿ ಮತ್ತೇನೋ ಪುನರಾವರ್ತನೆಯಾಗುತ್ತಿದೆ ಎಂದು ಅವು ಹೇಳಿದವು. ಒಂದು ಬಿಟ್ಟು ಒಂದು ಮುಖ ಬದಲಾಯಿಸಿದರೆ ಮಾತ್ರ ಹೀಗಾಗುತ್ತದೆ. ಇದು ಹೊಗೆಯನ್ನು ಕಂಡು ಬೆಂಕಿಯನ್ನು ಅರಿತಂತೆ. ಶುದ್ಧವಾದ ಅನುಮಾನ ಪ್ರಮಾಣ. ನೆಯೆಲ್ ಅವರಿಗೆ ೧೯೭೦ರಲ್ಲಿಯೂ ಶಲ್ ಅವರಿಗೆ ೧೯೯೪ರಲ್ಲಿಯೂ ನೊಬೆಲ್ ಪಾರಿತೋಷಕ ಬಂದಿತು. ಇಂಥ ವಸ್ತುಗಳು ಸಿದ್ಧಾಂತದ ದೃಷ್ಟಿಯಿಂದ ಬಹು ಸ್ವಾರಸ್ಯವಾದರೂ ಯಾವ ಉಪಯೋಗಕ್ಕೂ ಬರುವಂತೆ ಕಾಣುವುದಿಲ್ಲವೆಂಬ ಅರ್ಥದ ಮಾತನ್ನು ನೆಯೆಲ್ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಆಡಿದರು. ಮುಂದೆ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಓದುವ ಸಣ್ಣ ಮೊನೆಯೊಳಗೆ ಇಂಥ ವಸ್ತುವಿನ ತೆಳುಪದರವೇ ಬಂದು ಕುಳಿತಿತು.

ಅಷ್ಟರಿಂದ ಕಥೆ ಮುಗಿಯಬಹುದಿತ್ತು. ಮುಗಿಯದಿರುವುದಕ್ಕೆ ಕಾರಣ ಲೆಕ್ಕದ ತೊಡಕು. ಚದುರಂಗದ ಹಾಸಿನಂಥ ಅಚ್ಚುಕಟ್ಟಾದ ಚಿತ್ರ ನಮ್ಮ ಕಲ್ಪನೆಯ ಅನುಕೂಲಕ್ಕೆ ಮಾತ್ರ. ಪಕ್ಕದವರು ಹೋಗಿಬಂದು ಮಾಡುತ್ತಲೇ ಇರುವುದರಿಂದ ಮೇಲ್ಮುಖವೂ ಕೆಳಮುಖವೂ ಸದಾ ಅದಲುಬದಲಾಗುತ್ತಿರುತ್ತವೆ. ಸಮತಲದ ಚೌಕ ಜಾಲವೊಂದರಲ್ಲಿ ಉಷ್ಣತೆಯನ್ನು ಪೂರ್ತಿ ಸೊನ್ನೆಗಿಳಿಸಿದರೂ ವಿಲೋಮ ಕ್ರಮದ ಬಲ ಅಚ್ಚುಕಟ್ಟಾದ ಚಿತ್ರಕ್ಕಿರುವುದರ ಶೇಕಡಾ ೬೧ರಷ್ಟೇ ಉಳಿಯುತ್ತದೆಂದು ಲೆಕ್ಕವಿದೆ. ನಿಜವಾದ ಸ್ಥಿತಿಯೆಂದರೆ ಸಾಧ್ಯವಿರುವ ಎಲ್ಲ ಜೋಡಣೆಗಳೂ ಬೇರೆ ಬೇರೆ ತೂಕದಲ್ಲಿ ಏಕಕಾಲಕ್ಕೆ ಬೆರೆತಿರುವಂಥದು. ಅವು ಎಷ್ಟು ಜೋಡಣೆಗಳು? ಚದುರಂಗವನ್ನು ಕಂಡುಹಿಡಿದವನು ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ರಾಜನನ್ನು ಬೇಡಿ ಅವನ ಕಣಜವನ್ನೇ ಬರಿದುಮಾಡಿದ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ೬೪ ಸ್ಪಿನ್ನುಗಳ ಜೋಡಣೆಗಳ ಸಂಖ್ಯೆ ಆ ಕಾಳುಗಳ ಒಟ್ಟು ಸಂಖ್ಯೆಗಿಂತ ಸರಿಯಾಗಿ ಒಂದು ಹೆಚ್ಚು; ಸುಮಾರಾಗಿ ೧೮ರ ಮುಂದೆ ೧೮ ಸೊನ್ನೆ. ೮೦ ಸ್ಪಿನ್ನುಗಳಾದರೆ ೧೨ರ ಮುಂದೆ ೨೩ ಸೊನ್ನೆ. ೩೦೦ ಆದರೆ, ನಮಗೆ ಕಾಣಸಿಗುವ ವಿಶ್ವದಲ್ಲಿವೆಯೆಂದು ಅಂದಾಜು ಮಾಡಿರುವ ಒಟ್ಟು ಪರಮಾಣುಗಳ ಸಂಖ್ಯೆಯನ್ನೂ ಅದು ಬಹುದೂರ ಮೀರುತ್ತದೆ. ಚಿಟಿಕೆಯಷ್ಟು ಹರಳಿನಲ್ಲಿರುವ ಸ್ಪಿನ್ನುಗಳ ಮುಂದೆ ೩೦೦ ಎಂಬುದು ಲೆಕ್ಕಕ್ಕೇ ಇಲ್ಲ. ಇದನ್ನು ಬರೆದಿಡುವ ಕಾಗದವನ್ನು ಯಾವ ಕಂಪ್ಯೂಟರಾದರೂ ಎಲ್ಲಿಂದ ತಂದೀತು?

ಅಮೆರಿಕದ ರಿಚರ್ಡ್ ಫೈನ್‌ಮನ್ ೧೯೮೧ರ ಒಂದು ಉಪನ್ಯಾಸದಲ್ಲಿ ಇದಕ್ಕೆ ಒಂದು ದಾರಿ ತೋರಿಸಿದರು. ನಿಸರ್ಗವು ಕ್ವಾಂಟಂ ರೀತಿಯಲ್ಲಿ ನಡೆಯುವುದಾದರೆ, ಅದನ್ನು ಅನುಕರಿಸುವ ಯಂತ್ರವೂ ಕ್ವಾಂಟಂ ರೀತಿಯದೇ ಆಗಿರಲಿ. ಆಗ ಆ ಕಾಳುಗಳನ್ನು ನಾವು ಎಣಿಸಬೇಕಾಗಿಲ್ಲ, ಯಂತ್ರವೇ ಅವುಗಳನ್ನು ಹೊತ್ತುಕೊಳ್ಳುತ್ತದೆ. ಅಂಥ ಯಂತ್ರಕ್ಕೆ ಸಾಮಗ್ರಿಯಾಗಿ ಒದಗಿಬಂದವು ಅತಿಶೀತ ಪರಮಾಣುಗಳು.

ಇಲ್ಲಿ ನಮ್ಮ ದೇಶದವರೊಬ್ಬರ ಹೆಸರನ್ನು ಸ್ಮರಿಸಬೇಕು. ೧೯೨೪ರಲ್ಲಿ ಢಾಕಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವೊಂದನ್ನು ಬರೆದು ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನ್ ತಾವೇ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಹಾಕಿಸಿದರು. ಅದನ್ನೇ ಮುಂದುವರಿಸಿ, ಒಂದು ಜಾತಿಯ ಪರಮಾಣುಗಳನ್ನು ಸಾಕಷ್ಟು ತಂಪಾಗಿಸಿದರೆ ಅವೆಲ್ಲ ಒಂದೇ ಸ್ಥಿತಿಗೆ ಬಂದು ಸೇರುತ್ತವೆಂದು ಕಂಡರು. ಕಂಡದ್ದು ಕಾಗದದ ಮೇಲೆ. ಕಣ್ಣಿಗೆ ಬೀಳುವುದಕ್ಕೆ ಎಪ್ಪತ್ತು ವರ್ಷ ಹಿಡಿಯಿತು. ೧೯೯೫ರಲ್ಲಿ ಕೊಲೊರಾಡೊ ರಾಜ್ಯದ ಬೋಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೈಮನ್ ಎಂಬವರು ರುಬಿಡಿಯಂ ಪರಮಾಣುಗಳನ್ನು ನಿರಪೇಕ್ಷ ಶೂನ್ಯಕ್ಕಿಂತ ೧೭೦ ನ್ಯಾನೊಕೆಲ್ವಿನ್‌ನಷ್ಟು ಮಾತ್ರ ಮೇಲಿರುವ ಉಷ್ಣತೆಗೆ, ಅಂದರೆ ಒಂದು ಕೆಲ್ವಿನ್ನನ್ನು ಕೋಟಿ ಪಾಲು ಮಾಡಿದರೆ ಎರಡು ಪಾಲಿಗೂ ಕಡಮೆಗೆ, ಇಳಿಸಿ ಅದನ್ನು ಸಾಧಿಸಿದರು.

ಇಷ್ಟು ತಂಪು ಬರುವುದು ಮಂಜುಗಡ್ಡೆಯಿಂದಲ್ಲ, ಬೆಳಕಿನಿಂದ. ಬೆಳಕು ಬಿಸಿಮಾಡುತ್ತದೆಂದೇ ಬಲ್ಲ ನಮಗೆ ಇದು ವಿಚಿತ್ರ. ಪರಮಾಣುವಿಗೆ ತನ್ನದೇ ಆದ ಒಂದು ಬಣ್ಣದ ಬೆಳಕು ಮಾತ್ರ ರುಚಿಸುತ್ತದೆ. ಆ ಬಣ್ಣಕ್ಕಿಂತ ಕೂದಲೆಳೆಯಷ್ಟು ಕೆಂಪಿನ ಕಡೆಗಿರುವ ಲೇಸರ್ ಕಿರಣವನ್ನು ಬಿಟ್ಟರೆ, ಸುಮ್ಮನೆ ನಿಂತ ಪರಮಾಣು ಅದನ್ನು ಅಷ್ಟಾಗಿ ಗಮನಿಸದು. ಕಿರಣಕ್ಕೆ ಎದುರಾಗಿ ಓಡಿಬರುವ ಪರಮಾಣುವಿಗಾದರೋ, ನಮ್ಮತ್ತ ಬರುವ ರೈಲಿನ ಕೂಗು ಏರಿ ಕೇಳಿಸುವ ಹಾಗೆ, ಆ ಬೆಳಕಿನ ಬಣ್ಣ ಏರಿ ಸರಿಯಾಗಿ ತನ್ನದಾಗಿ ತೋರುತ್ತದೆ. ಅದನ್ನು ನುಂಗಿ, ನುಂಗಿದ್ದಕ್ಕೆ ಎದೆಗೊಂದು ತಳ್ಳು ತಿಂದು, ನಿಧಾನವಾಗುತ್ತದೆ. ಆರು ದಿಕ್ಕಿನಿಂದ ಆರು ಕಿರಣಗಳಿದ್ದರೆ ಎತ್ತ ಓಡಿದರೂ ತಡೆ. ಈ ವಿದ್ಯೆಗಾಗಿ ಚು, ಕೋಹೆನ್-ತನ್ನೂಜಿ, ಫಿಲಿಪ್ಸ್ ಎಂಬ ಮೂವರಿಗೆ ೧೯೯೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೊನೆಯ ಹಂತದ ತಂಪಿಗೆ ನಮ್ಮ ಅಡುಗೆಮನೆಯ ಉಪಾಯವೇ ಸಾಕು: ಅಗಲವಾದ ತಟ್ಟೆಗೆ ಸುರಿದ ಬಿಸಿ ಗಂಜಿಯಿಂದ ಆವಿ ಹಾರಿಹೋದಂತೆ, ಅತ್ಯಂತ ಬಿಸಿಯಾದ ಪರಮಾಣುಗಳನ್ನು ಹಾರಿಹೋಗಬಿಟ್ಟರೆ ಉಳಿದವು ಆರುತ್ತವೆ. ಇಂಥ ಪ್ರಯೋಗಗಳು ದೂರದೇಶದಲ್ಲಿ ಮಾತ್ರ ನಡೆಯುವುವೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಲೇಸರ್‌ಗಳಿಂದ ಪರಮಾಣುಗಳನ್ನು ತಂಪಾಗಿಸುವ ಪ್ರಯೋಗಶಾಲೆಗಳಿವೆ.

ತಂಪಾದ ಪರಮಾಣುಗಳಿಗೆ ಇನ್ನು ಮನೆಗಳನ್ನು ಕಟ್ಟಿಕೊಡಬೇಕು. ಎದುರುಬದುರಾಗಿ ಬಂದ ಎರಡು ಲೇಸರ್ ಕಿರಣಗಳು ಒಂದರ ಮೇಲೊಂದು ಬಿದ್ದಾಗ ಬೆಳಕು ಕತ್ತಲೆಗಳ ಅಲುಗಾಡದ ಅಲೆಯೊಂದು ನಿಲ್ಲುತ್ತದೆ. ಅಡ್ಡಲಾಗಿ ಮತ್ತೆ ಎರಡು ಕಿರಣಗಳನ್ನು ಹಾಯಿಸಿದರೆ ಗುಳಿಗುಳಿಯಾದ ಒಂದು ಹಾಸು ಸಿದ್ಧವಾಗುತ್ತದೆ. ನಮ್ಮ ಚನ್ನೆಮಣೆಯ ಗುಳಿಗಳನ್ನು ಎರಡು ಸಾಲಿಗೆ ನಿಲ್ಲಿಸದೆ ನಾಲ್ಕೂ ಕಡೆಗೆ ಬೆಳೆಸಿದಂತೆ. ಗುಳಿಗೊಂದರಂತೆ ಪರಮಾಣು ಕೂಡುತ್ತದೆ. ಕಿರಣದ ಪ್ರಖರತೆಯನ್ನು ಹೆಚ್ಚಿಸಿದರೆ ಗುಳಿ ಆಳವಾಗಿ ಜಿಗಿತ ಕಡಮೆಯಾಗುತ್ತದೆ. ಹೊರಗಿನ ಅಯಸ್ಕಾಂತ ಕ್ಷೇತ್ರವನ್ನು ಬದಲಾಯಿಸಿದರೆ ಒಂದೇ ಗುಳಿಯಲ್ಲಿ ಸೇರಿದ ಇಬ್ಬರು ತೆರಬೇಕಾದ ದಂಡ ಬದಲಾಗುತ್ತದೆ. ಹಬರ್ಡ್ ಅವರ ಎರಡು ನಿಯಮಗಳಿಗೆ ಎರಡು ತಿರುಗಣೆಗಳು ಸಿಕ್ಕಂತಾಯಿತು. ತಾಮ್ರದ ಹರಳಿನಲ್ಲಿ ಇಂಥ ತಿರುಗಣೆಗಳಿಲ್ಲ. ನಿಸರ್ಗ ಕೊಟ್ಟಷ್ಟೇ ಸರಿ.

ಎಲೆಕ್ಟ್ರಾನಿನ ಪಾತ್ರವನ್ನು ವಹಿಸುವುದಕ್ಕೆ ಆರಿಸಿಕೊಂಡ ಪರಮಾಣು ಲಿಥಿಯಂ-೬. ಇದಕ್ಕೂ ಕಾರಣವಿದೆ. ಬೋಸರ ಹೆಸರನ್ನು ಹೊತ್ತ ಬೋಸಾನ್ ಜಾತಿಯ ಕಣಗಳು ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಕಿಕ್ಕಿರಿಯಬಲ್ಲವು. ಎಲೆಕ್ಟ್ರಾನು ಮತ್ತೊಂದು ಜಾತಿ, ಫರ್ಮಿಯಾನ್. ಪೌಲಿಯವರ ನಿಷೇಧ ಇದಕ್ಕೆ. ಲಿಥಿಯಂ-೬ರಲ್ಲಿ ಮೂರು ಪ್ರೋಟಾನು, ಮೂರು ನ್ಯೂಟ್ರಾನು, ಮೂರು ಎಲೆಕ್ಟ್ರಾನು, ಒಟ್ಟು ಒಂಬತ್ತು. ಬೆಸಸಂಖ್ಯೆಯಾದ್ದರಿಂದ ಇಡೀ ಪರಮಾಣುವೇ ಫರ್ಮಿಯಾನಿನಂತೆ ನಡೆಯುತ್ತದೆ. ಅದರ ಎರಡು ಒಳಸ್ಥಿತಿಗಳು ಮೇಲ್ಮುಖ, ಕೆಳಮುಖಗಳ ವೇಷ ಹಾಕುತ್ತವೆ. ಇನ್ನೊಂದು ದೊಡ್ಡ ಅನುಕೂಲವುಂಟು. ತಾಮ್ರದ ಆಕ್ಸೈಡಿನಲ್ಲಿ ಪಕ್ಕಪಕ್ಕದ ತಾಮ್ರದ ಪರಮಾಣುಗಳ ನಡುವಣ ಅಂತರ ಸುಮಾರು ೦.೩೮ ನ್ಯಾನೊಮೀಟರು. ಹಾರ್ವರ್ಡಿನ ಬೆಳಕಿನ ಹಾಸಿನಲ್ಲಿ ಗುಳಿಯಿಂದ ಗುಳಿಗೆ ೫೬೯ ನ್ಯಾನೊಮೀಟರು, ಸಾವಿರ ಪಟ್ಟಿಗೂ ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದೊಂದನ್ನೂ ಬೇರೆಯಾಗಿ ಗುರುತಿಸಲು ಇಷ್ಟು ಅಂತರ ಸಾಕು.

ತೊಡಕೆಲ್ಲ ಉಷ್ಣತೆಯಲ್ಲಿ. ಹೋಗಿಬರುವ ಉಳಿತಾಯ ತೀರ ಅಲ್ಪವಾದ್ದರಿಂದ ಎಳ್ಳಷ್ಟು ಬಿಸಿ ಉಳಿದರೂ ವಿಲೋಮ ಕ್ರಮ ಕಲಕಿಹೋಗುತ್ತದೆ. ೨೦೧೩ರಲ್ಲಿ ಜ್ಯೂರಿಚ್‌ನ ಎಸ್ಲಿಂಗರ್ ಅವರ ಗುಂಪು ನೆರೆಯ ಪರಮಾಣುಗಳ ಮಟ್ಟಿಗೆ ಮಾತ್ರ ಈ ವಿಮುಖತೆಯನ್ನು ಕಂಡಿತು. ೨೦೧೫ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ಹ್ಯುಲೆಟ್ ಅವರ ಗುಂಪು, ಶಲ್ ನ್ಯೂಟ್ರಾನುಗಳಿಂದ ಮಾಡಿದ್ದನ್ನೇ ಬೆಳಕಿನಿಂದ ಮಾಡಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹಾಸಿನ ಉದ್ದಗಲಕ್ಕೂ ವ್ಯಾಪಿಸಿದ ಕ್ರಮ ಕಂಡದ್ದು ೨೦೧೭ರಲ್ಲಿ, ಹಾರ್ವರ್ಡಿನ ಮಾರ್ಕುಸ್ ಗ್ರೈನರ್ ಅವರ ಪ್ರಯೋಗಶಾಲೆಯಲ್ಲಿ.

ಅವರ ಉಪಾಯ ನನಗೆ ಬಹಳ ಹಿಡಿಸಿತು. ಎಲ್ಲ ಪರಮಾಣುಗಳನ್ನೂ ಒಂದೇ ಸಮನೆ ತಂಪಾಗಿಸುವ ಹಟವನ್ನು ಅವರು ಬಿಟ್ಟರು. ಸುಮಾರು ೮೦ ಗುಳಿಗಳ ಒಂದು ದುಂಡನೆಯ ಅಂಕಣವನ್ನು ನಡುವೆ ಇಟ್ಟು, ಅದರ ಸುತ್ತ ಪರಮಾಣುಗಳು ವಿರಳವಾಗಿರುವ ಅಗಲವಾದ ಬಯಲನ್ನು ಬೆಳಕಿನಿಂದಲೇ ರಚಿಸಿದರು. ವಿರಳವಾದ ಕಡೆ ಅಂಡಲೆಯಲು ಜಾಗ ಹೆಚ್ಚು. ಆದ್ದರಿಂದ ಅವ್ಯವಸ್ಥೆ ತಾನಾಗಿ ಅತ್ತ ಹರಿಯುತ್ತದೆ. ನಡುಮನೆಯ ಕಸವನ್ನು ಅಂಗಳಕ್ಕೆ ಗುಡಿಸಿದಂತೆ! ಮನೆ ಅಂಗಳ ಎರಡೂ ಸೇರಿ ಕಸವೇನೂ ಕಡಮೆಯಾಗಲಿಲ್ಲ; ನಡುಮನೆ ಮಾತ್ರ ಚೊಕ್ಕಟವಾಯಿತು. ನಡುಮನೆಯ ಉಷ್ಣತೆ ಜಿಗಿತದ ಶಕ್ತಿಯ ಕಾಲುಭಾಗಕ್ಕೆ ಇಳಿಯಿತು. ಆಮೇಲೆ ಗುಳಿಗಳನ್ನು ಥಟ್ಟನೆ ಆಳಮಾಡಿ ಎಲ್ಲವನ್ನೂ ಇದ್ದಲ್ಲಿಯೇ ನಿಲ್ಲಿಸಿ, ಬೆಳಕಿನ ಒಂದು ಹೊಡೆತದಿಂದ ಒಂದು ಮುಖದವುಗಳನ್ನೆಲ್ಲ ಹೊರದೂಡಿ, ಉಳಿದವು ಹೊಳೆಯುವಂತೆ ಮಾಡಿ ಚಿತ್ರ ತೆಗೆದರು. ಚುಕ್ಕೆ, ಖಾಲಿ, ಚುಕ್ಕೆ, ಖಾಲಿ: ಚದುರಂಗದ ಹಾಸು ಪಡಿಮೂಡಿತು. ಎಲ್ಲ ಚಿತ್ರಗಳಲ್ಲೂ ಅದು ಒಡೆದು ಕಾಣುವುದಿಲ್ಲ. ಸ್ಪಿನ್ನುಗಳ ಕ್ರಮ ಯಾವ ದಿಕ್ಕನ್ನಾದರೂ ಹಿಡಿಯಬಹುದು, ನಾವು ಅಳೆಯುವುದು ಮೇಲೆ-ಕೆಳಗೆ ಎಂಬ ಒಂದೇ ದಿಕ್ಕಿನಲ್ಲಿ. ಅಲ್ಲದೆ ಖಾಲಿ ಗುಳಿಯೆಂದರೆ ಹೊರದೂಡಿದ ಪರಮಾಣುವಿನ ಜಾಗವೋ ಮೊದಲಿನಿಂದಲೂ ತೆರವಾದದ್ದೋ ಒಂದೇ ಚಿತ್ರದಿಂದ ತಿಳಿಯದು. ಆದಕಾರಣ ಮತ್ತೆ ಮತ್ತೆ ಪರಮಾಣುಗಳನ್ನು ತುಂಬಿ, ಎರಡು ಮುಖಗಳಿಗೂ ಬೇರೆ ಬೇರೆಯಾಗಿ ಚಿತ್ರ ತೆಗೆದು, ಸರಾಸರಿ ನೋಡಬೇಕು. ಹಾಗೆ ನೋಡಿದಾಗ ಅಂಕಣದ ಒಂದು ಅಂಚಿನ ಪರಮಾಣು ಎತ್ತ ಮುಖಮಾಡಿದೆಯೆಂಬುದಕ್ಕೂ ಇನ್ನೊಂದು ಅಂಚಿನದಕ್ಕೂ ಸಂಬಂಧವಿರುವುದು ಕಂಡಿತು.

ಸಮತಲದಲ್ಲಿ, ಉಷ್ಣತೆ ಸೊನ್ನೆಗಿಂತ ಲವಲೇಶ ಮೇಲಿದ್ದರೂ, ಈ ಬಗೆಯ ಕ್ರಮ ಅನಂತ ದೂರದವರೆಗೆ ನಿಲ್ಲಲಾರದೆಂದು ಮರ್ಮಿನ್ ಮತ್ತು ವಾಗ್ನರ್ ೧೯೬೬ರಲ್ಲಿ ಸಾಧಿಸಿದ್ದಾರೆ. ಹಾರ್ವರ್ಡಿನ ಅಂಕಣ ಚಿಕ್ಕದಾದ್ದರಿಂದ ಅದರ ಅಂಚಿನವರೆಗೆ ಕ್ರಮ ನಿಂತಿತು, ಅಷ್ಟೆ. ಉದ್ದ, ಅಗಲ, ಎತ್ತರ ಮೂರೂ ಇರುವ ಹಾಸಿನಲ್ಲಿ ಆ ನಿರ್ಬಂಧವಿಲ್ಲ. ೨೦೨೪ರಲ್ಲಿ ಚೀನದ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾನಿಲಯದವರು ಸುಮಾರು ೮ ಲಕ್ಷ ಗುಳಿಗಳ ಘನಾಕಾರದ ಹಾಸಿನಲ್ಲಿ ಲಿಥಿಯಂ-೬ನ್ನು ತುಂಬಿ, ಅವ್ಯವಸ್ಥೆಯಿಂದ ವಿಲೋಮ ಕ್ರಮಕ್ಕೆ ತಿರುಗುವ ಗಡಿಯನ್ನೇ ಕಂಡರು.

ಇಷ್ಟೆಲ್ಲ ಶ್ರಮ ಯಾತಕ್ಕೆ ಎಂದರೆ, ತಾಮ್ರಕ್ಕಾಗಿ. ೧೯೮೬ರಲ್ಲಿ ಬೆಡ್‌ನೋರ್ಟ್ಸ್ ಮತ್ತು ಮ್ಯುಲರ್ ಎಂಬವರು ಲ್ಯಾಂಥನಂ, ಬೇರಿಯಂ, ತಾಮ್ರಗಳ ಆಕ್ಸೈಡೊಂದು ಅದುವರೆಗೆ ತಿಳಿದಿದ್ದ ವಸ್ತುಗಳಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಅತಿವಾಹಕವಾಗುವುದನ್ನು, ಅಂದರೆ ಯಾವ ತಡೆಯೂ ಇಲ್ಲದೆ ವಿದ್ಯುತ್ತನ್ನು ಹರಿಸುವುದನ್ನು, ಕಂಡರು. ಮರುವರ್ಷವೇ ನೊಬೆಲ್ ಪಾರಿತೋಷಕ ಬಂದಿತು. ಈ ಜಾತಿಯ ಪದರ ಪದರವಾದ ಆಕ್ಸೈಡುಗಳ ಅಯಸ್ಕಾಂತ ಗುಣಗಳನ್ನು ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಅವರೂ ಅವರ ಸಹೋದ್ಯೋಗಿಗಳೂ ಅದಕ್ಕೆ ಮೊದಲೇ ಅಭ್ಯಾಸಮಾಡಿದ್ದರು. ಶುದ್ಧವಾದ ಲ್ಯಾಂಥನಂ ತಾಮ್ರ ಆಕ್ಸೈಡು ಅತಿವಾಹಕವಲ್ಲ. ವಿದ್ಯುತ್ತನ್ನು ಸಾಧಾರಣವಾಗಿಯೂ ಹರಿಸದು. ಅದು ವಿಲೋಮ ಕ್ರಮದ ಅಯಸ್ಕಾಂತ. ಅದರಿಂದ ಕೆಲವು ಎಲೆಕ್ಟ್ರಾನುಗಳನ್ನು ತೆಗೆದು ಮನೆ ತೆರವು ಮಾಡಿದಾಗಲೇ ಅತಿವಾಹಕತೆ ಹುಟ್ಟುವುದು. ಏಕೆ ಹುಟ್ಟುತ್ತದೆಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ಬಂದಿಲ್ಲ.

ಚದುರಂಗದ ಹಾಸಿನಲ್ಲಿ ಒಂದು ಮನೆ ತೆರವಾಯಿತೆನ್ನಿ. ಪಕ್ಕದವನು ಅಲ್ಲಿಗೆ ಸರಿದರೆ ತೆರವು ಅವನ ಮನೆಗೆ ಬರುತ್ತದೆ. ಆದರೆ ಸರಿದವನು ಈಗ ತನ್ನಂಥದೇ ಮುಖದವರ ನಡುವೆ ಸಿಕ್ಕಿಕೊಂಡ. ತೆರವು ನಡೆದಷ್ಟೂ ಅದರ ಹಿಂದೆ ಕೆಟ್ಟ ಹೆಣಿಗೆಯ ಒಂದು ಎಳೆ ಉಳಿಯುತ್ತದೆ. ೨೦೧೯ರಲ್ಲಿ ಹಾರ್ವರ್ಡಿನವರು ತಮ್ಮ ಚಿತ್ರಗಳಲ್ಲಿ ಇಂಥ ಎಳೆಗಳ ಜಾಡನ್ನು ಹುಡುಕಿದರು. ಅದೇ ವರ್ಷ ಮ್ಯೂನಿಕ್ ಬಳಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಯವರು ಚಲಿಸುವ ಕಣದ ಸುತ್ತ ಅಯಸ್ಕಾಂತ ಕ್ರಮ ಕದಡುವುದನ್ನು ಚಿತ್ರಿಸಿದರು. ಎರಡು ತೆರವುಗಳು ಜೊತೆಯಾಗಿ ನಡೆದರೆ ಹಿಂದಿನದು ಮುಂದಿನದರ ಕೇಡನ್ನು ಸರಿಪಡಿಸುತ್ತ ಹೋಗಬಹುದು, ಆ ಜೊತೆಯೇ ಅತಿವಾಹಕತೆಯ ಬೀಜವಿರಬಹುದು ಎಂದು ಒಂದು ಊಹೆಯಿದೆ. ೨೦೧೭ರ ಪ್ರಯೋಗದಲ್ಲಿ ಶೇಕಡಾ ಸುಮಾರು ೧೫ರಷ್ಟು ಮನೆಗಳು ತೆರವಾಗುವವರೆಗೆ ವಿಲೋಮ ಸಂಬಂಧಗಳು ಬಲವಾಗಿ ಉಳಿದವು. ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆ ತನ್ನ ಪರಾಕಾಷ್ಠೆಯನ್ನು ಮುಟ್ಟುವುದೂ ಹೆಚ್ಚು ಕಡಮೆ ಅದೇ ಅಂಕೆಯ ಹತ್ತಿರವೇ. ಈ ಹೊಂದಿಕೆಗೆ ಮನಸ್ಸು ಬಹುಬೇಗ ಮರುಳಾಗುತ್ತದೆ. ಅಷ್ಟು ಬೇಗ ಮರುಳಾಗಬಾರದೆಂದು ನನ್ನ ಅಭಿಪ್ರಾಯ.

ಇದು ನನ್ನನ್ನು ಮೊದಲಿನ ಪ್ರಶ್ನೆಗೆ ತರುತ್ತದೆ. ಲಿಥಿಯಂ ಪರಮಾಣುವನ್ನು ನೋಡಿ ತಾಮ್ರದ ಎಲೆಕ್ಟ್ರಾನನ್ನು ತಿಳಿಯುವುದು ಯಾವ ಪ್ರಮಾಣ? ಹೋಲಿಕೆಯಿಂದ ಬಂದದ್ದಾದ್ದರಿಂದ ಉಪಮಾನವೆಂದು ಥಟ್ಟನೆ ಹೇಳಬಹುದು. ಉಪಮಾನಕ್ಕೆ ನೈಯಾಯಿಕರು ಕೊಡುವ ದೃಷ್ಟಾಂತ ಗವಯದ್ದು. ಗವಯವನ್ನು ಕಾಣದ ಪಟ್ಟಣಿಗನಿಗೆ ಕಾಡಿನವನು ‘ಅದು ಹಸುವಿನ ಹಾಗಿರುತ್ತದೆ’ ಎಂದು ಹೇಳಿರುತ್ತಾನೆ. ಮುಂದೆ ಕಾಡಿನಲ್ಲಿ ಅಂಥ ಮೃಗವನ್ನು ಕಂಡಾಗ ಪಟ್ಟಣಿಗ ಆ ಮಾತನ್ನು ನೆನೆದು ‘ಗವಯವೆಂಬುದು ಇದೇ’ ಎಂದು ತಿಳಿಯುತ್ತಾನೆ. ಅವನಿಗೆ ದೊರೆತದ್ದು ಹೆಸರಿಗೂ ವಸ್ತುವಿಗೂ ಇರುವ ಸಂಬಂಧ. ಹಸು ಹಾಲು ಕೊಡುತ್ತದೆ, ಆದ್ದರಿಂದ ಗವಯವೂ ಮನೆಗೆ ಬಂದು ಕರೆಯಿಸಿಕೊಳ್ಳುತ್ತದೆ ಎಂದು ಆ ಹೋಲಿಕೆಯ ಬಲದಿಂದ ಅವನು ಹೇಳಹೊರಟರೆ ನಗೆಪಾಟಲಾಗುತ್ತಾನೆ. ಅತಿಶೀತ ಪರಮಾಣುಗಳ ಜ್ಞಾನ ಉಪಮಾನವಾಗಿದ್ದರೆ ಅದರ ಬೆಲೆ ಅಷ್ಟೇ ಆಗಬೇಕಾಗಿತ್ತು.

ಅದು ಉಪಮಾನವಲ್ಲ. ಇಲ್ಲಿರುವುದು ರೂಪದ ಹೋಲಿಕೆಯಲ್ಲ, ನಿಯಮದ ಏಕತೆ. ಜಿಗಿತ ಮತ್ತು ದಂಡ ಎಂಬ ಎರಡು ನಿಯಮಗಳನ್ನು ಲಿಥಿಯಂ ಪರಮಾಣುಗಳು ನಟಿಸುವುದಿಲ್ಲ, ಪಾಲಿಸುತ್ತವೆ. ಆದ್ದರಿಂದ ಆ ಎರಡು ನಿಯಮಗಳಿಂದ ಏನೇನು ಹುಟ್ಟುತ್ತದೆಂಬುದರ ಮಟ್ಟಿಗೆ ಈ ಚಿತ್ರಗಳು ಪ್ರತ್ಯಕ್ಷವೇ ಸರಿ. ಸೂಕ್ಷ್ಮದರ್ಶಕದ ಮೂಲಕ ಕಂಡದ್ದು ಪ್ರತ್ಯಕ್ಷ ಹೇಗಾದೀತೆಂದು ಅಧ್ಯಾಪಕರು ಕೇಳಿದರೆ, ಕನ್ನಡಕದ ಮೂಲಕ ಕಂಡದ್ದು ಹೇಗಾಗುತ್ತದೆಯೋ ಹಾಗೆ ಎಂದು ಸದ್ಯಕ್ಕೆ ಬಿನ್ನವಿಸಿಕೊಳ್ಳುತ್ತೇನೆ. ಆದರೆ ಅಲ್ಲಿಂದ ತಾಮ್ರಕ್ಕೆ ದಾಟುವುದು ಅನುಮಾನ. ತಾಮ್ರದ ಆಕ್ಸೈಡೂ ಆ ಎರಡೇ ನಿಯಮಗಳಿಗೆ ಒಳಪಟ್ಟಿದೆ ಎಂಬುದು ಇದರ ಹೇತು. ಆ ಹೇತು ಸಿದ್ಧವಾಗಿಲ್ಲ. ಎಲೆಕ್ಟ್ರಾನಿಗೆ ವಿದ್ಯುದಂಶವಿರುವುದರಿಂದ ದೂರದವರೊಡನೆಯೂ ಅದಕ್ಕೆ ವ್ಯವಹಾರವುಂಟು; ಲಿಥಿಯಂ ಪರಮಾಣುವಿಗೆ ಇಲ್ಲ. ಹರಳಿನ ಚೌಕಟ್ಟು ಸದಾ ಕಂಪಿಸುತ್ತದೆ; ಬೆಳಕಿನ ಹಾಸು ಕಂಪಿಸದು. ಹರಳಿನಲ್ಲಿ ಕಲ್ಮಷಗಳಿವೆ, ಬೆಳಕಿನ ಹಾಸಿನಲ್ಲಿಲ್ಲ. ಅಸಿದ್ಧ ಹೇತುವಿನಿಂದ ಸಾಧ್ಯ ಸಿದ್ಧಿಸದೆಂಬುದನ್ನು ತರಗತಿಯಲ್ಲಿ ಎಲ್ಲರೂ ಬರೆದುಕೊಂಡಿದ್ದೇವೆ.

ಹಾಗೆಂದು ಪ್ರಯೋಗ ನಿಷ್ಫಲವೆನ್ನಲಾಗದು. ಅತಿವಾಹಕತೆ ಹಬರ್ಡ್ ಅವರ ಎರಡೇ ನಿಯಮಗಳಿಂದ ಹುಟ್ಟುವುದಿಲ್ಲವೆಂದು ಪರಮಾಣುಗಳು ತೋರಿಸಿಕೊಟ್ಟರೆ, ತಾಮ್ರದಲ್ಲಿ ಬೇರೇನೋ ಇದೆಯೆಂದು ಖಚಿತವಾಗುತ್ತದೆ. ಇದು ವ್ಯತಿರೇಕದಿಂದ ಬರುವ ಜ್ಞಾನ. ಅದರ ಬೆಲೆ ಕಡಮೆಯಲ್ಲ. ಪಕ್ಕದ ಮನೆಗೆ ಮಾತ್ರ ಜಿಗಿತವಿರುವ ಶುದ್ಧ ಹಬರ್ಡ್ ಚಿತ್ರದಲ್ಲಿ, ತಾಮ್ರಕ್ಕೆ ಅನ್ವಯಿಸುವ ಪ್ರಮಾಣಗಳನ್ನಿಟ್ಟು ನೋಡಿದರೆ, ಅತಿವಾಹಕತೆ ಕಾಣುವುದಿಲ್ಲವೆಂದು ೨೦೨೦ರಲ್ಲಿ ಕಂಪ್ಯೂಟರಿನಿಂದ ಲೆಕ್ಕಹಾಕಿದವರು ಹೇಳಿದರು. ಮೂಲೆಯ ಮನೆಗೂ ಜಿಗಿಯಬಹುದೆಂಬ ಒಂದು ಸಣ್ಣ ನಿಯಮವನ್ನು ಕೂಡಿಸಿದಾಗ ಅದು ಕಾಣುತ್ತದೆಂದು ೨೦೨೪ರ ಲೆಕ್ಕ ಹೇಳಿತು. ಒಂದು ಸಣ್ಣ ನಿಯಮದಿಂದ ಇಲ್ಲವೆಂಬುದು ಉಂಟಾಗುವಷ್ಟು ನಾಜೂಕಾದ ಕಡೆ, ಲೆಕ್ಕದ ಮಾತನ್ನು ಪರೀಕ್ಷಿಸಲು ಲೆಕ್ಕವಲ್ಲದ ಸಾಕ್ಷಿಯೊಂದು ಬೇಕು.

ಆ ಸಾಕ್ಷಿಯನ್ನು ನಂಬುವುದು ಹೇಗೆ? ತಕ್ಕಡಿಯನ್ನು ನಂಬುವ ಹಾಗೆಯೇ. ಗೊತ್ತಿರುವ ತೂಕದ ಬಟ್ಟನ್ನು ಮೊದಲು ಇಟ್ಟು ಮುಳ್ಳು ಸರಿಯಾಗಿ ನಿಂತರೆ, ಗೊತ್ತಿಲ್ಲದ ಸರಕನ್ನು ಅದರಲ್ಲಿ ತೂಗಬಹುದು. ಮನೆಗೊಂದರಂತೆ ಪರಮಾಣುಗಳು ತುಂಬಿರುವಾಗ ಹಬರ್ಡ್ ಚಿತ್ರವನ್ನು ಕಂಪ್ಯೂಟರು ನೆಚ್ಚಬಹುದಾದ ರೀತಿಯಲ್ಲಿ ಲೆಕ್ಕಹಾಕಬಲ್ಲದು. ಪರಮಾಣುಗಳು ಕೊಟ್ಟ ಉತ್ತರ ಅದಕ್ಕೆ ಹೊಂದುತ್ತದೆ. ಮನೆಗಳು ತೆರವಾಗತೊಡಗಿದೊಡನೆ ಧನ ಋಣ ಚಿಹ್ನೆಗಳ ಮೊತ್ತಗಳು ಒಂದನ್ನೊಂದು ನುಂಗಿಹಾಕಿ ಆ ಲೆಕ್ಕ ಹಳ್ಳಹಿಡಿಯುತ್ತದೆ. ಪರಮಾಣುಗಳಿಗೆ ಆ ತೊಂದರೆಯಿಲ್ಲ. ಅವು ತುಂಬಿದ ಹಾಸಿನಲ್ಲಿ ಹೇಗೋ ತೆರವಾದ ಹಾಸಿನಲ್ಲಿಯೂ ಹಾಗೆಯೇ ತಮ್ಮ ನಿಯಮವನ್ನು ಪಾಲಿಸುತ್ತವೆ. ತಕ್ಕಡಿಗೆ ಗೊತ್ತಿಲ್ಲದ ಸರಕು ಬೀಳುವುದು ಇಲ್ಲಿಯೇ.

೨೦೧೭ರ ಚಿತ್ರಗಳಲ್ಲಿ ಅತಿವಾಹಕತೆಯನ್ನು ಹುಡುಕುವಂತಿರಲಿಲ್ಲ. ಜಿಗಿತದ ಶಕ್ತಿಯ ಕಾಲುಭಾಗವೆಂಬುದು ಅದಕ್ಕೆ ತೀರ ಬಿಸಿ. ೨೦೨೫ರಲ್ಲಿ ಹಾರ್ವರ್ಡಿನ ಗುಂಪು ಆ ಕಾಲುಭಾಗವನ್ನು ಸುಮಾರು ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಇಳಿಸಿತು. ತೆರವುಗಳು ಒಂಟಿಯಾಗಿ ಅಲೆಯುತ್ತವೆಯೋ ಜೊತೆಗೂಡುತ್ತವೆಯೋ ಎಂಬುದನ್ನು ಒಂದೊಂದಾಗಿ ಎಣಿಸಿ ನೋಡಬಹುದಾದ ತಂಪು ಇದರ ಆಸುಪಾಸಿನಲ್ಲಿಯೇ ಎಲ್ಲೋ ಇರಬೇಕೆಂದು ಲೆಕ್ಕದವರ ಅಂದಾಜು.